ಕುಡಿಯದವನಿಗೆ ಕುಡಿತ ಬಿಡಿಸಿದವರು

ನವೆಂಬರ್ 4, ಸೋಮವಾರ, ಮಧ್ಯಾಹ್ನ

ಇಲಕಲ್ಲಿನ ಖಾನಾವಳಿ ಆರ್ಡರ್ ಹೋಯಿತು. ಹಂಚು ಇನ್ನೂ ಆರಿಲ್ಲ. ಹಿತ್ತಲ ಬಾಗಿಲಲ್ಲಿ ಕುಳಿತು ಬರೆಯುತ್ತಿದ್ದೇನೆ. ದುರಗವ್ವ ರೊಟ್ಟಿ ಕಟ್ಟುಗಳನ್ನು ಬಸ್ಸಿಗೆ ಹಾಕಿ ಬಂದಳು. ಶಾರವ್ವ ಬಲ ರಟ್ಟೆಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿದ್ದಾಳೆ. ಕೈ ಮೇಲೆ ಎತ್ತಲು ಆಗುತ್ತಿಲ್ಲ. ಆದರೂ ನಾವಿಬ್ಬರೂ ಬಡಿದದ್ದಕ್ಕಿಂತ ಅವಳೊಬ್ಬಳು ಬಡಿದದ್ದೇ ಹೆಚ್ಚು. ಬಿಡು ಎಂದರೆ ಕೇಳುವುದಿಲ್ಲ.

ಗೀತಾಂಜಲಿ ಫೋನ್ ಮಾಡಿದ್ದಳು. ಬಾಗಲಕೋಟೆಯ ಸಂಸ್ಥೆಯವಳು — ನಮ್ಮಂಥ ಸಣ್ಣ ದಂಧೆಯವರಿಗೆ ಸಹಾಯ ಮಾಡುವ ಸಂಸ್ಥೆ. ಹೋದ ವರ್ಷ ನಮಗೆ ಪ್ಯಾಕಿಂಗ್ ಟ್ರೇನಿಂಗ್ ಕೊಟ್ಟಿದ್ದರು. ಈಗ ರೊಟ್ಟಿ ಮಷಿನ್ ಕೊಡಿಸುತ್ತಾರಂತೆ. ಅದಕ್ಕೆ ಮೊದಲು ಒಂದು ವಿಡಿಯೋ ಬೇಕಂತೆ, ದುಡ್ಡು ಹಾಕುವ ಕಂಪನಿಗೆ ತೋರಿಸಲು.

"ಏನೂ ಇಲ್ರಿ ಅಕ್ಕಾ. ನಿಮ್ಮ ಕಥಿ ನೀವ ಹೇಳೋದು. ಅಷ್ಟ."

ಶಾರವ್ವನಿಗೆ ತಿಳಿಸಿದೆ. ಎಣ್ಣೆ ತಿಕ್ಕುತ್ತಿದ್ದ ಕೈ ಹಾಗೇ ನಿಂತಿತು. "ಮಷಿನ್ ಅಂದ್ರ... ಬಡಿಯೋದ ಇರಂಗಿಲ್ಲೇನು?" ಇರಂಗಿಲ್ಲ ಎಂದೆ. ಅವಳು ನಕ್ಕದ್ದು ನೋಡಿ ಭಾಳ ದಿನವಾಗಿತ್ತು.

ಹೊರಗೆ ಜುಬೇರ ವ್ಯಾನ್ ತೊಳೆಯುತ್ತಿದ್ದಾನೆ. ಗಂಡನನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲಿ ಯಾರು ನೋಡುತ್ತಾರೆ? ಜುಬೇರ ಎಂದೇ ಬರೆಯುವುದು. ಸಂಜೆ ಅಮೀನಗಡದ ಶಾಲೆಯಿಂದ ಮಕ್ಕಳನ್ನು ಕರೆತರಬೇಕು ಅವನು. ನಮ್ಮ ಮಗಳು ಅರ್ಜು ಕೂಡ ಅದೇ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಸೀಟಿನ ಕೆಳಗೆ ಬಿದ್ದ ಪೆನ್ಸಿಲ್ಲು, ಟಿಫಿನ್ ಮುಚ್ಚಳ ಎಲ್ಲ ಆರಿಸಿಟ್ಟು, ಯಾರದು ಯಾವುದೆಂದು ನೆನಪಿಟ್ಟು ಮರುದಿನ ಕೊಡುತ್ತಾನೆ.

ನವೆಂಬರ್ 6, ಬುಧವಾರ

ಶೂಟಿಂಗ್ ಆಯಿತು. ದಿನದ ಕೆಲಸ ಕೆಟ್ಟಿತು. ಇರಲಿ, ಮಷಿನ್ ಬರುತ್ತದಲ್ಲ.

ಸಂಸ್ಥೆಯ ಡೈರೆಕ್ಟರ್ ತಾನೇ ಬಂದಿದ್ದ. ಬೆಂಗಳೂರು ಕಡೆಯ ಮಾತು. ಅಡುಗೆಮನೆ ನೋಡಿ, "ಗ್ಯಾಸ್ ಒಲೆ ಬೇಡ, ಕಟ್ಟಿಗೆ ಒಲೆ ಇಲ್ವಾ?" ಅಂದ. ಕಟ್ಟಿಗೆ ಒಲೆ ಬಿಟ್ಟು ಕಾಲವಾಯಿತು. ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆ ಇದೆ, ಅದರ ಮುಂದೆ ಕೂರಿಸಿದರು. ಹೊಗೆಗೆ ಕಣ್ಣಲ್ಲಿ ನೀರು. "ಹಾಂ, ಒರೆಸ್ಕೋಬೇಡಿ, ಹಾಗೇ ಇರ್ಲಿ." ಹೊಸ ಇಲಕಲ್ ಸೀರೆ ಉಟ್ಟಿದ್ದೆ, ಹಳೆಯದು ಉಡಿಸಿದರು. ದುರಗವ್ವನ ಕೈಗಡಿಯಾರ ಬಿಚ್ಚಿಸಿದರು. ಅವಳಿಗೆ ನಗು. ನಗಬೇಡಿ ಅಂದರು.

ದಂಧೆ ಹೇಗೆ ಶುರುವಾಯಿತು ಎಂದು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಶಿರೂರಿನ ಹತ್ತಿರ ಲಾರಿ ಬಡಿದು ಜುಬೇರನ ಕಾಲು ಮುರಿದದ್ದು. ಬಾಗಲಕೋಟೆಯ ದವಾಖಾನೆ ವರಾಂಡದಲ್ಲಿ ಕುಳಿತು ನಾನು ಅತ್ತದ್ದು. ಆಮೇಲೆ ತಿಂಗಳುಗಟ್ಟಲೆ ಅವನು ಮನೆಯಲ್ಲಿ ಕುಳಿತದ್ದು. ಕುಳಿತಲ್ಲೇ ಹಿಟ್ಟು ಸೋಸಿದ. ಕುಳಿತಲ್ಲೇ ಹುನಗುಂದ, ಇಲಕಲ್ಲಿನ ಖಾನಾವಳಿಯವರಿಗೆಲ್ಲ ಫೋನ್ ಹಚ್ಚಿದ. "ನಿನ್ನ ಕೈಯಾಗಿನ ರೊಟ್ಟಿ ನಾವಷ್ಟ ಯಾಕ ತಿನ್ನೋದು?" ಎಂದು ಮೊದಲು ಅಂದವನೇ ಅವನು. ಶಾರವ್ವನನ್ನು, ದುರಗವ್ವನನ್ನು ಕರೆಸಿದ್ದೂ ಅವನೇ. ಕಾಲು ನೆಟ್ಟಗಾದ ಮೇಲೆ ಮತ್ತೆ ವ್ಯಾನ್ ಹತ್ತಿದ.

ಗೀತಾಂಜಲಿ ತಲೆಯಾಡಿಸುತ್ತ ಕೇಳಿದಳು. ಡೈರೆಕ್ಟರ್ ಅಂದ, "ಗಂಡನ ಭಾಗ ಜಾಸ್ತಿ ಆಯ್ತು. ನಿಮ್ಮ ಕಷ್ಟ ಹೇಳಿ."

ಇದಕ್ಕಿಂತ ಯಾವ ಕಷ್ಟ ಹೇಳಲಿ?

ನವೆಂಬರ್ 20, ಬುಧವಾರ

ವಿಡಿಯೋ ಬಂತು.

ಹೆಸರು "ಕಣ್ಣೀರಿನಿಂದ ಕಾಯಕಕ್ಕೆ". ಹೊಗೆಯಲ್ಲಿ ನನ್ನ ಮುಖ. ನಾನು ಹೇಳುತ್ತೇನೆ — "ಮನಿಯವ್ರು ಮನ್ಯಾಗ ಕುಂತಿದ್ರು... ನಾ ಭಾಳ ಅತ್ತೇನ್ರಿ." ಲಾರಿ ಇಲ್ಲ, ದವಾಖಾನೆ ಇಲ್ಲ, ಮುರಿದ ಕಾಲು ಇಲ್ಲ. ನಡುವಿನದೆಲ್ಲ ಕತ್ತರಿಸಿ ಎರಡು ತುದಿ ಕೂಡಿಸಿದ್ದಾರೆ. ಆಮೇಲೆ ಯಾರದೋ ಕೈ, ಬಾಟಲಿ. ಉರುಳುವ ಗ್ಲಾಸು. ಹಿಂದೆ ಒಂದು ಗಂಡು ದನಿ: "ಕುಡಿತಕ್ಕೆ ದಾಸನಾದ ಗಂಡ. ಹಸಿದ ಕೂಸು. ಅಸಹಾಯಕ ಹೆಣ್ಣು. ಆಗ ಬಂತು ನಮ್ಮ ಸಂಸ್ಥೆ..."

ಆಮೇಲೆ ಜುಬೇರ. ಅವತ್ತು ವ್ಯಾನಿಗೆ ಒರಗಿ ನಿಂತದ್ದನ್ನು ಕೇಳದೆ ತೆಗೆದಿದ್ದಾರೆ. ಮುಖ ಮಸುಕು ಮಾಡಿದ್ದಾರೆ, ದೊಡ್ಡ ಮನಸ್ಸು! ವ್ಯಾನ್ ಮಸುಕು ಮಾಡಿಲ್ಲ. ಬಾಗಿಲಿಗೆ ಅರ್ಜು ಬಣ್ಣ ಬಳಿದು ಬರೆದ ಗಿಳಿ ಎದ್ದು ಕಾಣುತ್ತದೆ. ನಮ್ಮ ಕಮತಗಿಯಿಂದ ಅಮೀನಗಡದವರೆಗೆ ಆ ವ್ಯಾನ್ ಯಾರದೆಂದು ಯಾರಿಗೆ ಗೊತ್ತಿಲ್ಲ?

ಹುಟ್ಟಿದಾಗಿನಿಂದ ಹನಿ ಮುಟ್ಟದ ಮನುಷ್ಯ. ಯಾರಾದರೂ ಕುಡಿದು ಬಂದರೆ ಪಕ್ಕದಲ್ಲಿ ಕೂರದವನು. ಸಂಸ್ಥೆ ಬರುವ ಮೊದಲೇ ನಮ್ಮ ರೊಟ್ಟಿ ಇಲಕಲ್ಲಿಗೆ ಹೋಗುತ್ತಿತ್ತು. ಅರ್ಜು ಒಂದು ದಿನ ಹಸಿದು ಮಲಗಿಲ್ಲ. ಸುಳ್ಳು, ಸುಳ್ಳು, ಸುಳ್ಳು.

ಜುಬೇರನಿಗೆ ತೋರಿಸಿದೆ. ನೋಡಿದ. ಮತ್ತೊಮ್ಮೆ ನೋಡಿದ.

"ನೀ ಹಿಂಗ ಹೇಳಿದಿ?"

"ಇಲ್ರಿ! ಅಲ್ಲೇ ಇದ್ರಲ್ಲ ನೀವು—"

"ನಾ ಹೊರಗ ಇದ್ದೆ."

ಫೋನ್ ನನ್ನ ಕೈಗೆ ಕೊಟ್ಟು ಎದ್ದು ಹೋದ. ಆ ಮಾತು ಎದೆಯಲ್ಲಿ ಚುಚ್ಚಿಕೊಂಡು ಕುಳಿತಿದೆ.

ನವೆಂಬರ್ 21, ಗುರುವಾರ

ಶಾಲೆಯ ವ್ಯಾನ್ ಮಕ್ಕಳ ತಂದೆ-ತಾಯಿಗಳದೊಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಅಲ್ಲಿ ವಿಡಿಯೋ ಬಿದ್ದಿದೆ. ಹಾಕಿದವನು ಹೊಳಬಸಪ್ಪ — ನಮ್ಮ ಓಣಿಯ ತುದಿಯ ಕಿರಾಣಿ ಅಂಗಡಿಯವನು. ಅವನ ಮಗನೂ ಜುಬೇರನ ವ್ಯಾನಿನಲ್ಲೇ ಹೋಗುವುದು.

"ಮಕ್ಕಳ ಜೀವದ ಪ್ರಶ್ನೆ. ಡ್ರೈವರ್ ಕುಡಿತಾನ. ಎಲ್ಲಾರೂ ವಿಚಾರ ಮಾಡ್ರಿ."

ಕೆಳಗೆ ಸಾಲಾಗಿ ಹೆಬ್ಬೆರಳು, ಮುಗಿದ ಕೈ. ಯಾರೋ ಬರೆದಿದ್ದಾರೆ: "ಇಷ್ಟ ದಿವಸ ಗೊತ್ತಾಗಲಿಲ್ಲ ನೋಡ್ರಿ." ಇಷ್ಟು ದಿವಸ ಗೊತ್ತಾಗಲಿಲ್ಲ! ಯಾಕೆ ಗೊತ್ತಾಗಲಿಲ್ಲ ಎಂದು ಒಬ್ಬರಾದರೂ ತಮ್ಮನ್ನು ತಾವು ಕೇಳಿಕೊಂಡರೇ? ದಿನಾ ಬೆಳಿಗ್ಗೆ ಅವನ ಮುಖ ನೋಡಿದವರು, ಕೂಸಿನ ಕೈ ಅವನ ಕೈಗೆ ಕೊಟ್ಟವರು.

ಜುಬೇರ ಉತ್ತರ ಬರೆಯುತ್ತಿದ್ದ. ಬರೆಯುವುದರೊಳಗೆ ಅವನನ್ನು ಗ್ರೂಪಿನಿಂದ ತೆಗೆದುಹಾಕಿದರು.

ಓಡಿದೆ ಅಂಗಡಿಗೆ. ಸೆರಗು ಸಹ ಸರಿಮಾಡಿಕೊಳ್ಳಲಿಲ್ಲ.

"ಹೊಳಬಸಪ್ಪಣ್ಣಾ, ನಿಮಗ ಇವರು ಗೊತ್ತಿಲ್ಲೇನ್ರಿ? ಒಂದ ಓಣಿಯವ್ರು ನಾವು."

ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. "ನಾ ಹೇಳಿದ್ದಲ್ಲ ತಂಗಿ. ನೀನ ಹೇಳೀದಿ ಅದರಾಗ. ಹೆಂಡ್ತಿ ಹೇಳಿದ ಮ್ಯಾಲೆ ಊರವ್ರು ಏನ್ ತಿಳಕೋಬೇಕು?"

ಹಿಂದೆ ನಿಂತವರು ಯಾರೋ ನಕ್ಕರು. ತಿರುಗಿ ನಡೆದೆ. ದಾರಿಯುದ್ದಕ್ಕೂ ಹೇಳಬೇಕಾದ್ದು ಒಂದೊಂದಾಗಿ ನೆನಪಾಯಿತು.

ನವೆಂಬರ್ 23, ಶನಿವಾರ

ಇವತ್ತು ವ್ಯಾನಿನಲ್ಲಿ ಅರ್ಜು ಒಬ್ಬಳೇ.

ಜುಬೇರ ಎಂದಿನಂತೆ ಹೊರಟ. ಪ್ರತಿ ಮನೆಯ ಮುಂದೆ ನಿಲ್ಲಿಸಿದನಂತೆ. ಎಂದಿನಷ್ಟೇ ಹೊತ್ತು ಕಾದನಂತೆ. ಯಾರೂ ಹೊರಗೆ ಬರಲಿಲ್ಲ. ಒಂದು ಮನೆಯ ಕಿಟಕಿಯಿಂದ ಹುಡುಗಿಯೊಂದು ಕೈ ಬೀಸಿತಂತೆ, ತಾಯಿ ಕಿಟಕಿ ಮುಚ್ಚಿದಳಂತೆ. ಅರ್ಜು ಬಂದು ಹೇಳಿದ್ದು ಇದು. ಶಾಲೆಯ ಹೆಡ್‌ಮಾಸ್ತರು ಹೊರಗೆ ಬಂದು, "ನಮ್ಮದೇನೂ ಇಲ್ಲಪಾ, ಪಾಲಕರ ಒತ್ತಾಯ. ಸ್ವಲ್ಪ ದಿವಸ ಬಿಡು," ಅಂದರಂತೆ.

ಸ್ವಲ್ಪ ದಿವಸ ಬಿಟ್ಟರೆ ಇನ್ನೊಬ್ಬನ ವ್ಯಾನ್ ಬರುತ್ತದೆ. ಆಮೇಲೆ ಬಿಟ್ಟದ್ದೇ ಬಂತು.

ಅತ್ತೆ ರಂಜಾನಬಿ ನಮಾಜಿನ ಚಾಪೆಯಿಂದ ಎದ್ದಿಲ್ಲ.

ನವೆಂಬರ್ 26, ಮಂಗಳವಾರ, ಸಂಜೆ

ಬಾಗಲಕೋಟೆಗೆ ಹೋಗಿ ಬಂದೆ. ನವನಗರದಲ್ಲಿ ಸಂಸ್ಥೆಯ ಆಫೀಸು. ಬಾಗಿಲಲ್ಲೇ ದೊಡ್ಡ ಬ್ಯಾನರ್: "ಸಣ್ಣ ಉದ್ಯಮ, ಸ್ವಾವಲಂಬಿ ಊರು". ಅದರ ಮೇಲೆ ನನ್ನ ಮುಖ! ಹೊಗೆಯ ಕಣ್ಣೀರಿನದೇ.

ಗೀತಾಂಜಲಿ ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದಳು. ಡೈರೆಕ್ಟರ್ ಚಹಾ ತರಿಸಿದ. ಮುಟ್ಟಲಿಲ್ಲ.

"ನೋಡಿ ಖುಶನುಮಾ ಅವರೇ, ನೀವು ಎಮೋಷನಲ್ ಆಗ್ತಿದ್ದೀರ. ಅದು ನಿಮ್ಮ ಒಬ್ಬರ ಕಥೆ ಅಲ್ಲ. ಈ ಭಾಗದ ಸಾವಿರಾರು ಹೆಣ್ಮಕ್ಕಳ ಕಥೆ."

"ಹಂಗಾರ ಆ ಸಾವಿರ ಮಂದಿ ಗಂಡಂದಿರ ಗಾಡಿ ತೋರಿಸ್ರಿ ಸರ್. ನನ್ನ ಗಂಡನ ಗಾಡಿ ಯಾಕ ತೋರಿಸಿದ್ರಿ?"

"ಮುಖ ಬ್ಲರ್ ಮಾಡಿದ್ದೀವಲ್ಲ."

"ನಮ್ಮವ್ರು ಕುಡಿಯಂಗಿಲ್ರಿ. ಒಂದ ದಿನಾನೂ ಕುಡದಿಲ್ಲ."

ಸುಮ್ಮನೆ ನಕ್ಕ. ಯಾವ ಹೆಂಡತಿ ತಾನೆ ಒಪ್ಪಿಕೊಳ್ಳುತ್ತಾಳೆ ಎಂಬಂಥ ನಗು. ಅದನ್ನು ನೋಡಿ ನನ್ನ ಮೈ ಉರಿಯಿತು. ತಾನು ಕಟ್ಟಿದ ಸುಳ್ಳನ್ನು ತಾನೇ ನಂಬಿ ಕೂತಿದ್ದಾನೆ! ಕಾಲು ಮುರಿದ ಮಾತು ಅವನ ಎದುರೇ ಹೇಳಿದ್ದೆ.

"ವಿಡಿಯೋ ತಗೀರಿ," ಅಂದೆ.

"ಈಗಾಗ್ಲೇ ಕಂಪನಿಗೆ ಹೋಗಿದೆ. ಅದನ್ನ ನೋಡೇ ನಿಮ್ಮ ಮಷಿನ್‌ಗೆ ಒಪ್ಪಿರೋದು. ತೆಗೆದ್ರೆ ಅದೂ ಹೋಗುತ್ತೆ. ನಿಮ್ಮ ಜೊತೆ ಇರೋ ಆ ಇಬ್ಬರ ಬಗ್ಗೆ ಯೋಚನೆ ಮಾಡಿ."

"ಸರ್, ಅದು ಶಾಲಿ ವ್ಯಾನ್. ಅದೂ ಒಂದು ಸಣ್ಣ ದಂಧೀನ ಅಲ್ಲೇನ್ರಿ? ಒಂದು ದಂಧೆ ಉದ್ಧಾರ ಮಾಡಾಕ ಇನ್ನೊಂದು ಮುರೀತಾರೇನು?"

ಅವನ ಫೋನ್ ಬಂತು. ಕೈ ಸನ್ನೆ ಮಾಡಿದ — ಆಯಿತು, ಹೋಗಿ ಎಂದು. ಬಸ್ಸಿನಲ್ಲಿ ಆಧಾರ್ ತೋರಿಸಲು ಮರೆತು ಕಂಡಕ್ಟರನ ಮೇಲೂ ಸಿಡುಕಿದೆ. ಪಾಪ.

ಡಿಸೆಂಬರ್ 2, ಸೋಮವಾರ

ಇವತ್ತು ಶಾರವ್ವನ ಜೊತೆ ಜಗಳ.

ನಾನು ಅಂದೆ, ಸಂಸ್ಥೆಯ ಸಹವಾಸವೇ ಬೇಡ, ಮಷಿನ್ ಬೇಡ ಎಂದು ಹೇಳಿ ಬಿಡೋಣ. ಅವಳು ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿದಳು.

"ಮಷಿನ್ ಬರೂತನ ಸುಮ್ನ ಇರು, ಖುಶನು. ಬಂದ ಮ್ಯಾಲೆ ಏನ್ ಬೇಕಾದ್ರೂ ಅನ್ನು."

"ನಮ್ಮನಿಯವ್ರ ಮಾನ ಹೋತು ಶಾರಕ್ಕ. ನಿನಗ ಮಷಿನ್ ಹೆಚ್ಚಾತು?"

"ನನಗ ರಟ್ಟಿ ಹೆಚ್ಚಾತು!" ಎಂದು ಕೂಗಿದಳು. "ರಾತ್ರಿ ಮಗ್ಗಲ ಬದಲಸಾಕ ಆಗಂಗಿಲ್ಲ ನನಗ. ಈ ಕೈ ಬಿದ್ರ ನನಗ ಯಾರು ಹಾಕ್ತಾರ ಕೂಳು? ನಿನಗ ಗಂಡರೆ ಅದಾನ."

ದುರಗವ್ವ ನಮ್ಮಿಬ್ಬರ ನಡುವೆ ತಲೆ ತಗ್ಗಿಸಿ ಬಡಿಯುತ್ತಲೇ ಇದ್ದಳು. ಶಾರವ್ವನಿಗೆ ಏನು ಹೇಳಲಿ? ಅವಳದು ತಪ್ಪಲ್ಲ. ಆದರೂ ಸಿಟ್ಟು ಬಂತು. ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿ ಅವನು ನವನಗರದಲ್ಲಿ ಚಹಾ ಕುಡಿಯುತ್ತಿದ್ದಾನೆ.

ಡಿಸೆಂಬರ್ 9, ಸೋಮವಾರ

ಡೈರೆಕ್ಟರ್ ಫೋನ್. ದನಿ ತುಂಬ ಮೆತ್ತಗೆ.

"ನಿಮ್ಮ ಸಮಸ್ಯೆಗೆ ಒಳ್ಳೆ ಪರಿಹಾರ ಹುಡುಕಿದೀವಿ. ಪಾರ್ಟ್ ಟು ಮಾಡೋಣ."

ಅಂದರೆ?

"ನಿಮ್ಮ ಯಜಮಾನ್ರು ಬದಲಾದ ಕಥೆ. ನಿಮ್ಮ ಯಶಸ್ಸು ನೋಡಿ ಕುಡಿತ ಬಿಟ್ರು, ಈಗ ಜವಾಬ್ದಾರಿಯುತ ಡ್ರೈವರ್. ಅವರ ಬಾಯಲ್ಲೇ ಹೇಳಿಸ್ತೀವಿ. ಕಂಪನಿ ಮೇಡಂ ಕೂಡ ಬರ್ತಾರೆ, ಮಷಿನ್ ಹಸ್ತಾಂತರ ಅವತ್ತೇ. ಪೇರೆಂಟ್ಸ್‌ಗೂ ನಂಬಿಕೆ ಬರುತ್ತೆ, ನಮಗೂ ಒಳ್ಳೇದು."

ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಫೋನ್ ಎಸೆಯಬೇಕೆನಿಸಿತು. ಕುಡಿಯದವನಿಗೆ ಕುಡಿತ ಹಚ್ಚಿದರು. ಈಗ ತಾವೇ ಬಿಡಿಸುತ್ತಾರಂತೆ. ಅದಕ್ಕೂ ಚಪ್ಪಾಳೆ ಬೇಕಂತೆ!

ಇಲ್ಲ ಎಂದು ಫೋನ್ ಇಟ್ಟೆ.

ಡಿಸೆಂಬರ್ 11, ಬುಧವಾರ

ಡೈರೆಕ್ಟರ್ ನೇರವಾಗಿ ಜುಬೇರನಿಗೆ ಫೋನ್ ಹಚ್ಚಿದ್ದಾನೆ.

ಊಟಕ್ಕೆ ಕೂತಾಗ ಜುಬೇರ ಅಂದ, "ಮಾಡೂಣು."

ರೊಟ್ಟಿ ಬಡಿಸುತ್ತಿದ್ದ ಕೈ ನಿಂತಿತು. ನಾವು ಮನೆಯೊಳಗೆ ಆಡುವುದು ಉರ್ದು. ಇದನ್ನು ಮಾತ್ರ ಕನ್ನಡದಲ್ಲಿ ಅಂದ. ನಮ್ಮ ಭಾಷೆಯಲ್ಲಿ ಹೇಳಲು ನಾಲಿಗೆ ಬರಲಿಲ್ಲವೇನೋ, ತಾಯಿ ಪಕ್ಕದಲ್ಲೇ ಇದ್ದರಲ್ಲ.

"ಏನ್ ಮಾಡೂಣು? ಕುಡೀತಿದ್ದೆ, ಬಿಟ್ಟೆ ಅಂತ ಹೇಳ್ತೀರಿ?"

"ಹೇಳಿದ್ರ ಏನಾತು? ಬಿಟ್ಟಾನ ಅಂದ್ರರೆ ಗಾಡಿ ಓಡ್ತೈತಿ. ಕುಡದಿಲ್ಲ ಅಂದ್ರ ಯಾರು ನಂಬಾಕತ್ತಾರ? ಎಲ್ಲಾರ ಮನಿ ಮುಂದ ನಿಂತ ನೋಡೇನಿ ನಾ."

"ಸುಳ್ಳು ಅದು!"

"ಖರೇದಕ್ಕ ಕೆಲಸ ಇಲ್ಲ ಈಗ, ಖುಶನು. ನನಗ ಕೆಲಸ ಬೇಕಾಗೇತಿ." ತಟ್ಟೆ ಸರಿಸಿ ಎದ್ದ. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, "ಮೊದಲನೇ ಸುಳ್ಳು ನಿನ್ನ ಬಾಯಿಂದ ಬಂತು. ಎರಡನೇದು ನಾ ಹೇಳ್ತೇನಿ. ಲೆಕ್ಕ ಚುಕ್ತಾ ಆಗ್ತೈತಿ," ಅಂದ.

ಇನ್ನೂ ನನ್ನನ್ನು ಪೂರ್ತಿ ನಂಬಿಲ್ಲ ಅವನು. ಆ ವಿಡಿಯೋ ವ್ಯಾನನ್ನಷ್ಟೇ ನಿಲ್ಲಿಸಿಲ್ಲ.

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 18, ಬುಧವಾರ, ಸಂಜೆ

ಎಲ್ಲವನ್ನೂ ಬರೆಯಬೇಕು. ಮರೆಯುವ ಮೊದಲು.

ಬೆಳಿಗ್ಗೆ ಎರಡು ಕಾರು, ಹಿಂದೆ ಒಂದು ಗೂಡ್ಸ್ ಗಾಡಿ. ಗಾಡಿಯಲ್ಲಿ ಮಷಿನ್, ಸುತ್ತ ಕೆಂಪು ರಿಬ್ಬನ್. ಶಾರವ್ವ ಹೋಗಿ ಅದರ ಪಕ್ಕ ನಿಂತಳು. ಮುಟ್ಟಲಿಲ್ಲ, ನೋಡುತ್ತ ನಿಂತಳು. ಓಣಿಯವರೆಲ್ಲ ಸೇರಿದ್ದರು. ಕಂಪನಿ ಮೇಡಂ ಪುಣೆಯವರು, ಕನ್ನಡ ಬರುವುದಿಲ್ಲ. ಡೈರೆಕ್ಟರ್ ಅವರ ಕಿವಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಜುಬೇರ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡಿದ್ದ. ಈದ್ ದಿನ ಹಾಕಿದ್ದೇ ಅಂಗಿ. ಅವನನ್ನು ಅಂಗಳದಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ ನಾನು. ದುರಗವ್ವ, ಶಾರವ್ವ ಹಿಂದೆ ರೊಟ್ಟಿ ಬಡಿಯುತ್ತಿರಬೇಕು.

"ಏನಿಲ್ಲ, ಒಂದೇ ಲೈನ್," ಅಂದ ಡೈರೆಕ್ಟರ್. "ನಾನು ಕುಡಿತ ಬಿಟ್ಟೆ, ನನ್ನ ಹೆಂಡತಿ ನನ್ನ ಕಣ್ಣು ತೆರೆಸಿದಳು."

ಜುಬೇರ ಕ್ಯಾಮರಾ ನೋಡಿದ. "ನಾ..." ಅಂದ. ನಿಂತ.

"ಪರವಾಗಿಲ್ಲ, ಮತ್ತೆ."

"ನಾ ಕುಡಿ..." ಮತ್ತೆ ನಿಂತ. ಬೆವರು. ಒಳಗಿನಿಂದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ಮಗನನ್ನೇ ನೋಡುತ್ತಿದ್ದರು. ನಾನು ಅವನ ತೋಳು ಹಿಡಿದೆ.

"ಟೈಮ್ ಆಗ್ತಿದೆ. ಇನ್ನೊಂದ್ಸಲ. ಸ್ವಲ್ಪ ನಾಚಿಕೆ ಇರ್ಲಿ ಮುಖದಲ್ಲಿ."

ಹಿಂದೆ ಬಡಿಯುವ ಸದ್ದು ನಿಂತಿತು. ಶಾರವ್ವ ಎದ್ದು ಬಂದಳು. ನಮ್ಮಿಬ್ಬರನ್ನೂ ದಾಟಿ ನೇರ ಕ್ಯಾಮರಾದ ಹತ್ತಿರ ಹೋಗಿ, ಹಿಟ್ಟು ಮೆತ್ತಿದ ಅಂಗೈ ಇಟ್ಟು ಅದರ ಕಣ್ಣು ಮುಚ್ಚಿಬಿಟ್ಟಳು. ಅದೇ ಬಲಗೈ.

"ಸಾಕ್ ಬಿಡ್ರಿ," ಅಂದಳು. "ನನ್ನ ಗಂಡ ಖರೇನ ಕುಡದ ಸತ್ತಾನ. ಕುಡಕರು ಹೆಂಗಿರ್ತಾರ ನನಗ ಗೊತ್ತೈತಿ, ನಿಮಗ ಗೊತ್ತಿಲ್ಲ. ಈ ಹುಡುಗಗ ಆ ಹೆಸರು ಹಚ್ಚಬ್ಯಾಡ್ರಿ. ಮಷಿನ್ ಒಯ್ರಿ."

ಕ್ಯಾಮರಾದವನು "ಲೆನ್ಸು, ಲೆನ್ಸು" ಎಂದು ಕೂಗಿದ. ಡೈರೆಕ್ಟರ್ ಮೇಡಂ ಕಡೆ ತಿರುಗಿ ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಹಳ್ಳಿಯವರು, ಸಂತೋಷದಿಂದ ಗಲಾಟೆ — ಅಂಥದ್ದೇನೋ.

ಒಂದು ಸಂಗತಿ ಅವನು ಮರೆತಿದ್ದ. ಮೇಡಂಗೆ ಹಿಂದಿ ಬರುತ್ತದೆ. ನನಗೂ ಬರುತ್ತದೆ.

ಹೋಗಿ ಅವರ ಎದುರು ನಿಂತೆ. ಎಲ್ಲವನ್ನೂ ಹೇಳಿದೆ. ಲಾರಿ, ಕಾಲು, ಸೋಸಿದ ಹಿಟ್ಟು, ಕತ್ತರಿಸಿದ ಮಾತು, ಬಾಡಿಗೆಯ ಬಾಟಲಿ, ಖಾಲಿ ವ್ಯಾನು. ನನ್ನ ಗಂಡ ಕುಡಿಯುವುದಿಲ್ಲ, ಕುಡಿದಿಲ್ಲ, ಬಿಡಲು ಅವನಲ್ಲಿ ಏನೂ ಇಲ್ಲ ಎಂದೆ. ನಿಮ್ಮ ಮಷಿನ್ನಿಗೆ ಇವನ ಮಾನವನ್ನು ಬೆಲೆ ಕಟ್ಟಿ ಕೇಳುತ್ತಿದ್ದಾರೆ ಎಂದೆ. ಅಳಲೇಬಾರದು ಅಂದುಕೊಂಡಿದ್ದೆ, ಅಳಲಿಲ್ಲ.

"ಮೇಡಂ, ಇವರು ಎಮೋಷನಲ್—" ಎಂದು ಡೈರೆಕ್ಟರ್ ನಡುವೆ ಬಂದ.

ಆಗ ಗೀತಾಂಜಲಿ. ಬೆಳಿಗ್ಗೆಯಿಂದ ಫೈಲು ಎದೆಗಪ್ಪಿಕೊಂಡು ಮೂಲೆಯಲ್ಲಿ ನಿಂತಿದ್ದವಳು. "ಇಲ್ಲ ಮೇಡಂ," ಅಂದಳು ಇಂಗ್ಲಿಷಿನಲ್ಲಿ, ನನಗೂ ತಿಳಿಯುವಷ್ಟು ಸರಳವಾಗಿ. "ಅವರು ಹೇಳಿದ್ದು ನಿಜ. ನಾನು ಅಲ್ಲೇ ಇದ್ದೆ."

ಮೇಡಂ ಮುಖ ಕೆಂಪಾಯಿತು. ನಮ್ಮ ಬಗ್ಗೆ ಮರುಕದಿಂದ ಎಂದು ಒಂದು ಕ್ಷಣ ನಂಬಿದೆ. ಅಲ್ಲ. ಅವರು ಡೈರೆಕ್ಟರನಿಗೆ ಕೇಳಿದ್ದು ಒಂದೇ: ಊರೆಲ್ಲ ಹಂಚಿದ ಆ ವಿಡಿಯೋದಲ್ಲಿ ನಮ್ಮ ಕಂಪನಿ ಹೆಸರು ಇದೆಯೇ? ಇದೆ ಎಂದು ತಿಳಿದ ಮೇಲೆ ಯಾರಿಗೂ ನಮಸ್ಕಾರ ಹೇಳದೆ ಕಾರು ಹತ್ತಿದರು. ಜುಬೇರ ಅಲ್ಲೇ ಬಿಳಿ ಅಂಗಿಯಲ್ಲಿ ನಿಂತಿದ್ದ. ಅವನತ್ತ ಒಂದು ಮಾತು? ಇಲ್ಲ.

ಡೈರೆಕ್ಟರ್ ಗೂಡ್ಸ್ ಗಾಡಿಯವನಿಗೆ "ತಿರುಗಿಸು" ಅಂದ. ರಿಬ್ಬನ್ ಗಾಳಿಗೆ ಹಾರುತ್ತ ಓಣಿ ದಾಟಿತು. ಶಾರವ್ವ ಅದು ಕಾಣುವವರೆಗೂ ನೋಡಿದಳು. ಆಮೇಲೆ ಕೈ ತೊಳೆದು, "ಹಂಚ ಕಾದೈತಿ," ಎಂದು ಹೋಗಿ ಕುಳಿತಳು.

ನಾನು ಹೋಗಿ ಅವಳ ಪಕ್ಕ ಕುಳಿತೆ. ಅವಳ ಪಾಲಿನ ಹಿಟ್ಟನ್ನು ನನ್ನ ಕಡೆ ಎಳೆದುಕೊಂಡೆ. ಅವಳು ಬೇಡ ಎನ್ನಲಿಲ್ಲ.

ಜುಬೇರ ಬಂದು ನಮ್ಮೆದುರು ಕುಕ್ಕರುಗಾಲಲ್ಲಿ ಕುಳಿತ. ಬಿಳಿ ಅಂಗಿಯಲ್ಲೇ ಜರಡಿ ಹಿಡಿದ. ಹಿಟ್ಟು ಸೋಸುತ್ತ ಅಂದ, "ನೀ ಹೇಳಿರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಅಂದೆ."

ಈಗ ಅಳು ಬಂತು.

ಡಿಸೆಂಬರ್ 20, ಶುಕ್ರವಾರ

ವಿಡಿಯೋ ತೆಗೆದಿದ್ದಾರೆ. ಎಲ್ಲಿ ಹುಡುಕಿದರೂ ಇಲ್ಲ. ಕ್ಷಮೆ? ಒಂದು ಸಾಲು ಇಲ್ಲ. ಸದ್ದಿಲ್ಲದೆ ಹಾಕಿದಂತೆ ಸದ್ದಿಲ್ಲದೆ ತೆಗೆದರು. ಜನರ ಫೋನಿನಲ್ಲಿ ಉಳಿದದ್ದನ್ನು ಯಾರು ತೆಗೆಯುತ್ತಾರೆ?

ಗೀತಾಂಜಲಿ ಫೋನ್ ಮಾಡಿದ್ದಳು. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರಂತೆ. ಬಾದಾಮಿಯಲ್ಲಿ ಅವಳ ಅಕ್ಕನದು ಟೇಲರಿಂಗ್ ಅಂಗಡಿ ಇದೆ, ಅಲ್ಲಿಗೆ ಹೋಗುತ್ತಾಳಂತೆ.

"ನಿಮಗ ಭಾಳ ತ್ರಾಸ ಕೊಟ್ವಿ ಅಕ್ಕಾ. ನಾ ಅವತ್ತ ಹೇಳಬೇಕಾಗಿತ್ತು, ಎಡಿಟಿಂಗ್ ಆಗುವಾಗನ."

ಹೌದು, ಹೇಳಬೇಕಿತ್ತು. ಹಾಗೆಂದೇ ಅಂದೆ. ಆಮೇಲೆ, ಬಾದಾಮಿಯಿಂದ ಬರುವಾಗ ಊಟಕ್ಕೆ ಬಾ ಅಂದೆ.

ಮಷಿನ್ ಅಮೀನಗಡದ ಕಡೆಯ ಇನ್ನೊಂದು ಗುಂಪಿಗೆ ಹೋಗುತ್ತದಂತೆ. ಅಲ್ಲಿ ಯಾರ ಗಂಡನಿಗೆ ಏನು ಹಚ್ಚುತ್ತಾರೋ.

ಡಿಸೆಂಬರ್ 28, ಶನಿವಾರ

ನಿನ್ನೆ ಸಂಜೆ ದುರಗವ್ವ ಓಡೋಡಿ ಬಂದು ಹೇಳಿದ್ದು. ಶಾರವ್ವ ಬೆಲ್ಲ ತರುತ್ತೇನೆಂದು ಹೊಳಬಸಪ್ಪನ ಅಂಗಡಿಗೆ ಹೋದವಳು, ಗಿರಾಕಿಗಳ ನಡುವೆ ನಿಂತುಬಿಟ್ಟಳಂತೆ.

"ಹೊಳಬಸಪ್ಪಾ, ನನ್ನ ಗಂಡ ಗಟಾರದಾಗ ಬಿದ್ದಾಗ ನೀ ನೋಡಿ ದಾಟಿ ಹೋಗೀದಿ. ಎತ್ತಿ ಮನೀಗೆ ತಂದಾಂವ ಯಾರು? ಜುಬೇರ. ಕುಡಕನ ವಾಸನಿಗೆ ವಾಂತಿ ಮಾಡಿಕೊಂಡು, ಆದ್ರೂ ಹೊತ್ತು ತಂದ. ನೀನೂ ಅವತ್ತ ನಕ್ಕಿದ್ದಿ, ನೆನಪೈತಿ? ಈಗ ಹೇಳು ಎಲ್ಲಾರ ಮುಂದ, ಆಂವ ಕುಡೀತಾನ?"

ಹೊಳಬಸಪ್ಪ ಬೆಲ್ಲ ತೂಗಿ ಕೊಟ್ಟನಂತೆ.

ನನಗೆ ಈ ವಿಷಯವೇ ಗೊತ್ತಿರಲಿಲ್ಲ. ಜುಬೇರನಿಗೆ ಕೇಳಿದೆ. "ಯಾವತ್ತೋ ಆಗಿತ್ತು," ಅಂದ. ಅಷ್ಟೇ.

ಇವತ್ತು ಹುಲ್ಲಪ್ಪ ಮಾಸ್ತರರ ಇಬ್ಬರು ಹೆಣ್ಣುಮಕ್ಕಳು ವ್ಯಾನ್ ಹತ್ತಿದರು. ಅವರ ತಾಯಿ ಬಾಗಿಲಿಗೆ ಬಂದು, ತಪ್ಪಾತು ಅಂದರಂತೆ. ಸರಿ. ಒಬ್ಬರಾದರೂ ಅಂದರು. ಉಳಿದವರ ಮನೆಗಳ ಮುಂದೆ ಜುಬೇರ ಈಗ ನಿಲ್ಲಿಸುವುದಿಲ್ಲ. ನಿಧಾನ ಮಾಡುತ್ತಾನೆ, ಹೋಗುತ್ತಾನೆ.

ಜನವರಿ 6, ಸೋಮವಾರ, ಮಧ್ಯಾಹ್ನ

ಸಂಕ್ರಾಂತಿ ಹತ್ತಿರ ಬಂತು. ಸಜ್ಜಿ ರೊಟ್ಟಿಯ ಆರ್ಡರು ಕೈ ಮೀರಿದೆ. ಶಾರವ್ವನಿಗೆ ಬಡಿಯಲು ಬಿಡುತ್ತಿಲ್ಲ, ಬೇಯಿಸುವುದಷ್ಟೇ. ದುರಗವ್ವನ ನಾದಿನಿ ಬಂದು ಸೇರಿದ್ದಾಳೆ. ಮಷಿನ್ ಇಲ್ಲ, ನಾಲ್ಕು ಕೈ ಹೆಚ್ಚು ಬೇಕು, ಹುಡುಕಿಕೊಳ್ಳುತ್ತೇವೆ. ಯಾರೂ ಬಂದು ನಮ್ಮನ್ನು ಉದ್ಧಾರ ಮಾಡಬೇಕಿಲ್ಲ.

ಈಗಷ್ಟೇ ಬರೆಯಲು ಕುಳಿತಿದ್ದೆ. ಬಾಗಿಲಲ್ಲಿ ಹೊಳಬಸಪ್ಪ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ.

"ತಂಗಿ, ನಾಳಿಂದ ನಮ್ಮ ಹುಡುಗನ್ನ ವ್ಯಾನಿಗೆ ಕಳಸ್ತೇನಿ. ಜುಬೇರಗ ಹೇಳು."

ಇಷ್ಟೇ. ಬೆಲ್ಲ ತೂಗಿದಷ್ಟು ಹಗುರ. ಜುಬೇರ ಒಳಗೆ ಕಟ್ಟು ಕಟ್ಟುತ್ತಿದ್ದ, ಕೇಳಿಸಿಕೊಂಡ, ಹೊರಗೆ ಬರಲಿಲ್ಲ.

"ಇಲ್ಲಿ ಬ್ಯಾಡ್ರಿ ಅಣ್ಣಾ," ಅಂದೆ. "ಎಲ್ಲಿ ಬರದಿದ್ರೋ ಅಲ್ಲೇ ಹೇಳ್ರಿ. ಎಲ್ಲಾರಿಗೂ ಕೇಳೂ ಹಂಗ."

"ಬಿಡು ತಂಗಿ, ಆದದ್ದಾತು..."

"ಆದದ್ದು ನಮಗ ಆಗೇತ್ರಿ. ಬಿಡಬೇಕೋ ಬ್ಯಾಡೋ ನಾವು ಹೇಳ್ತೇವಿ."

ಹಿಂದೆ ಶಾರವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೂ ಬಿಟ್ಟು ನೋಡುತ್ತಿದ್ದಳು. ಅವನು ಬೆವರು ಒರೆಸಿಕೊಂಡ. ಫೋನ್ ತೆಗೆದ. ಕನ್ನಡದಲ್ಲಿ ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ, ವಾಯ್ಸ್ ಹಾಕುತ್ತೇನೆ ಅಂದ. ಹಾಕ್ರಿ ಅಂದೆ. ಮೊದಲು ಇವರನ್ನ ಗ್ರೂಪಿಗೆ ಸೇರಿಸ್ರಿ, ಆಮೇಲೆ ಹಾಕ್ರಿ.

ಒಳಗೆ ಜುಬೇರನ ಫೋನ್ ಸದ್ದು ಮಾಡಿತು. ಸೇರಿಸಿದ್ದಾನೆ.

ಈಗ ಹೊಸ್ತಿಲಲ್ಲಿ ನಿಂತು ಫೋನ್ ಬಾಯಿಯ ಹತ್ತಿರ ಹಿಡಿದಿದ್ದಾನೆ. ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. "ಎಲ್ಲಾರಿಗೂ ನಮಸ್ಕಾರ. ನಾ ಹೊಳಬಸಪ್ಪ. ಜುಬೇರನ ಬಗ್ಗೆ ನಾ ಹಾಕಿದ್ದು..."

ತಡೆದ. ನನ್ನ ಕಡೆ ನೋಡುತ್ತಿದ್ದಾನೆ. ಹೇಳ್ರಿ, ಎಂದು ನಾನೂ ನೋಡುತ್ತಿದ್ದೇನೆ. "...ಸುಳ್ಳು," ಅಂದ.